ಗೋಡೆಯೊಳಗಿನ ಬೂಷ್ಟು: ಹ್ಯೂಸ್ಟನ್‌ಗೆ ಹೊಸದಾಗಿ ಬಂದವರಿಗೆ

ನಾವು ಇಲ್ಲಿಗೆ ಬಂದ ಮೊದಲ ವರ್ಷ ಬಟ್ಟೆ ಒಗೆಯುವ ಯಂತ್ರದ ಕೊಳವೆ ಬಿರುಕುಬಿಟ್ಟು ಮನೆಯೊಳಗೆ ನೀರು ಹರಿಯಿತು. ಒರೆಸಿದೆವು, ಎರಡು ದಿನ ಫ್ಯಾನ್ ಹಾಕಿದೆವು, ಕಾಲಿಗೆ ಕಾರ್ಪೆಟ್ ಒಣಗಿದಂತೆ ತಾಗಿತು, ಮರೆತೆವು. ಮೂರು ವಾರದ ನಂತರ ಸಾಗರದಿಂದ ಬಂದ ಅತ್ತೆ ಸೀರೆ ಇಡಲೆಂದು ಬೀರುಕೋಣೆಯ ಬಾಗಿಲು ತೆರೆದವರೇ, "ಇದೇನು, ಮಳೆಗಾಲದ ಅಟ್ಟದ ವಾಸನೆ ಇಲ್ಲಿ?" ಎಂದರು. ನಮ್ಮ ಮೂಗಿಗೆ ಅಷ್ಟರಲ್ಲಿ ಅದು ಒಗ್ಗಿಹೋಗಿತ್ತು. ದುರಸ್ತಿಯವನು ಗೋಡೆಯ ಬುಡ ಕತ್ತರಿಸಿದಾಗ ಮುಂಬದಿ ಬೆಳ್ಳಗೇ ಇತ್ತು. ಹಿಂಬದಿಯ ಕಾಗದದ ಮೇಲೆ ರಾಗಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು.

ಊರಿನ ಇಟ್ಟಿಗೆ ಗೋಡೆಗೆ ಪಸೆ ಬಂದರೆ ಬೇಸಿಗೆಯವರೆಗೆ ಕಾಯ್ದು, ಕೆರೆದು ಬಣ್ಣ ಬಳಿಯುತ್ತೇವೆ. ಇಲ್ಲಿಗೆ ಆ ಲೆಕ್ಕ ಹೊಂದುವುದಿಲ್ಲ. ಇಲ್ಲಿನ ಗೋಡೆ ಟೊಳ್ಳು: ಮರದ ಚೌಕಟ್ಟು, ಅದಕ್ಕೆ ಬಡಿದ ಡ್ರೈವಾಲ್, ಅಂದರೆ ಕಾಗದ ಹೊದಿಸಿದ ಜಿಪ್ಸಮ್ ಹಲಗೆ. ಕಾಗದವೂ ಮರವೂ ಬೂಷ್ಟಿಗೆ ಊಟ. ಹಲಗೆಯ ಬುಡ ನೆನೆದರೆ ದೀಪದ ಬತ್ತಿ ಎಣ್ಣೆ ಹೀರಿದಂತೆ ನೀರು ಮೇಲಕ್ಕೆ ಏರುತ್ತದೆ. ಒಣಗಿಸಲು ನಿಮಗಿರುವ ಸಮಯ 24ರಿಂದ 48 ಗಂಟೆ.

ಆದ್ದರಿಂದ ನೀರು ಕಂಡ ಕೂಡಲೇ ಮುಖ್ಯ ಕವಾಟ ಮುಚ್ಚಿ. ಅದು ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಸ್ವಂತ ಮನೆಯವರಿಗೆ ಸಾಮಾನ್ಯವಾಗಿ ರಸ್ತೆ ಬದಿಯ ಮೀಟರ್ ಪೆಟ್ಟಿಗೆಯಲ್ಲಿ ಇರುತ್ತದೆ, ಅಪಾರ್ಟ್‌ಮೆಂಟಿನವರು ಕಚೇರಿಯಲ್ಲಿ ಕೇಳಿ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಟೆಕ್ಸಸ್‌ನ ಎಷ್ಟೋ ಮನೆಗಳ ಕೊಳವೆಗಳು ಒಡೆದಾಗ ಈ ಒಂದು ತಿಳಿವಳಿಕೆಯೇ ದೊಡ್ಡ ವಿಷಯವಾಗಿತ್ತು. ನಂತರ ಫೋಟೊ ತೆಗೆಯಿರಿ, ಆಮೇಲೆ ಒರೆಸಿ. ಕಾರ್ಪೆಟ್ ಅಡಿಯ ಸ್ಪಂಜಿನ ಪದರವನ್ನು ಒಣಗಿಸುವ ಆಸೆ ಬೇಡ, ಕಿತ್ತು ಹಾಕಿಸುವುದೇ ಮೇಲು.

ಎಲ್ಲಿ ಹುಡುಕಬೇಕು?

ಮೊದಲು ಮೂಗು. ಹೊರಗೆ ಒಂದೆರಡು ಗಂಟೆ ಇದ್ದು ಬಂದು ಬಾಗಿಲು ತೆರೆಯಿರಿ. ಮುಗ್ಗಲು ವಾಸನೆ ಆಗಲೇ ತಿಳಿಯುವುದು. ಆಮೇಲೆ ಸಿಂಕಿನ ಕೆಳಗೆ, ಪಾತ್ರೆ ತೊಳೆಯುವ ಯಂತ್ರದ ಪಕ್ಕ, ಐಸ್ ಮಾಡುವ ಫ್ರಿಜ್ಜಿನ ಹಿಂದೆ, ನೀರು ಕಾಯಿಸುವ ಹಂಡೆಯ ಬುಡದಲ್ಲಿ, ಗೋಡೆಯ ಬುಡದ ಮರದ ಪಟ್ಟಿಯ ಹಿಂದೆ, ಹೊರಗೋಡೆಗೆ ಆತುಕೊಂಡ ಪೆಟ್ಟಿಗೆಗಳ ಹಿಂದೆ ನೋಡಿ. ಬಣ್ಣ ಉಬ್ಬಿದ್ದರೆ, ಪಟ್ಟಿ ಸೊಟ್ಟಗಾಗಿದ್ದರೆ ಅನುಮಾನಿಸಿ. ತೇವಮಾಪಕವನ್ನು ಮೊದಲು ಖಚಿತವಾಗಿ ಒಣಗಿರುವ ಗೋಡೆಗೆ ಇಟ್ಟು ಅಂಕಿ ಬರೆದುಕೊಳ್ಳಿ, ನಂತರ ಅನುಮಾನದ ಗೋಡೆಗೆ, ವ್ಯತ್ಯಾಸವೇ ಸುಳಿವು.

ಇನ್ನೊಂದು ಗುರುತನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಇಲ್ಲಿ ಅನೇಕ ಮನೆಗಳ ಎಸಿ ಯಂತ್ರ ಅಟ್ಟದಲ್ಲಿರುತ್ತದೆ. ಅದರ ನೀರು ಹೋಗುವ ಮುಖ್ಯ ಕೊಳವೆ ಪಾಚಿ ಕಟ್ಟಿಕೊಂಡರೆ, ಎರಡನೆಯ ಕೊಳವೆಯಿಂದ ಹೊರಗೆ ತೊಟ್ಟಿಕ್ಕುತ್ತದೆ. ಕಣ್ಣಿಗೆ ಬೀಳಲೆಂದೇ ಅದನ್ನು ಹೆಚ್ಚಾಗಿ ಕಿಟಕಿಯ ಮೇಲೆ ಬಿಟ್ಟಿರುತ್ತಾರೆ. ಬಿಸಿಲಿನಲ್ಲಿ ಕಿಟಕಿಯ ಮುಂದೆ ಹನಿ ಬೀಳುತ್ತಿದ್ದರೆ "ಎಸಿ ನೀರು ತಾನೇ" ಎಂದು ಸುಮ್ಮನಿರಬೇಡಿ. ಮುಂದಿನ ಹನಿ ನಿಮ್ಮ ಚಾವಣಿಯ ಮೇಲೆ.

ತೆಗೆಯುವುದು

ಬಾಡಿಗೆದಾರರು ಗೋಡೆಗೆ ಕೈ ಹಾಕಬೇಡಿ. ಮಾಲೀಕರಿಗೆ ಬರಹದಲ್ಲಿ, ತಲುಪಿದ್ದಕ್ಕೆ ದಾಖಲೆ ಸಿಗುವ ಸರ್ಟಿಫೈಡ್ ಅಂಚೆಯಲ್ಲಿ, ಫೋಟೊ ಸಹಿತ ದೂರು ಕಳುಹಿಸಿ. ದೂರು ತಲುಪಿದ ಮೇಲಿನ 7 ದಿನಗಳನ್ನು ಟೆಕ್ಸಸ್ ಕಾನೂನು ಸಾಮಾನ್ಯವಾಗಿ ದುರಸ್ತಿಗೆ ಸಮಂಜಸ ಅವಧಿ ಎಂದು ಪರಿಗಣಿಸುತ್ತದೆ. ಸಿಟ್ಟಿನಿಂದ ಬಾಡಿಗೆ ತಡೆಹಿಡಿಯುವುದು ಬುದ್ಧಿವಂತಿಕೆಯಲ್ಲ. ಬಾಕಿ ಇದ್ದರೆ ನಿಮ್ಮ ದೂರೇ ಬಲ ಕಳೆದುಕೊಳ್ಳುತ್ತದೆ.

ಸ್ವಂತ ಮನೆಯಾದರೆ, ಸುಮಾರು 10 ಚದರ ಅಡಿಯೊಳಗಿನದನ್ನು ನೀವೇ ತೆಗೆಯಬಹುದು. ಮಕ್ಕಳನ್ನೂ ಉಬ್ಬಸ ಇರುವವರನ್ನೂ ಸ್ನೇಹಿತರ ಮನೆಗೆ ಕಳುಹಿಸಿ. ಎನ್‌95 ಮಾಸ್ಕ್, ಕೈಗವಸು, ಗಾಳಿರಂಧ್ರವಿಲ್ಲದ, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಧರಿಸಿ. ಎಸಿ ಮತ್ತು ಆ ಗೋಡೆಯ ವಿದ್ಯುತ್ ಆರಿಸಿ. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ನೆನೆದ ಗುರುತಿಗಿಂತ ಒಂದಡಿ ಮೇಲಿನವರೆಗೆ ಹಲಗೆ ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಮರವನ್ನು ಸಾಬೂನು ನೀರಿನಿಂದ ಉಜ್ಜಿ. ಮರ ಪೂರ್ತಿ ಒಣಗಿದ್ದನ್ನು ಮಾಪಕ ಹೇಳುವವರೆಗೆ ಹೊಸ ಹಲಗೆ ಕೂರಿಸಬೇಡಿ. ಬ್ಲೀಚ್ ಸುರಿದರೆ ಡ್ರೈವಾಲ್‌ನ ಕಲೆ ಮಾಸುತ್ತದೆ, ಬೇರು ಉಳಿಯುತ್ತದೆ. ಅದನ್ನು ಅಮೋನಿಯಾ ಇರುವ ದ್ರಾವಣದೊಡನೆ ಬೆರೆಸಿದರೆ ವಿಷಾನಿಲ ಬರುತ್ತದೆ. 1978ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು, ಕತ್ತರಿಸುವ ಮುನ್ನ ಪರೀಕ್ಷಿಸಿ.

ಬೂಷ್ಟು ಕಪ್ಪೋ ಹಸಿರೋ ಎಂಬ ಚರ್ಚೆ ಬೇಡ, ಬಣ್ಣ ಯಾವುದಾದರೂ ತೆಗೆಯಲೇಬೇಕು. ಕಣ್ಣಿಗೆ ಕಾಣುತ್ತಿರುವಾಗ ಪರೀಕ್ಷೆಯ ಕಿಟ್ ಕೊಳ್ಳುವುದು ನನ್ನ ಲೆಕ್ಕದಲ್ಲಿ ದಂಡ.

ಒಂದೇ ಕಡೆ 25 ಚದರ ಅಡಿ ಅಥವಾ ಹೆಚ್ಚು ಹರಡಿದ್ದರೆ, ದುಡ್ಡು ಕೊಟ್ಟು ಮಾಡಿಸುವ ಕೆಲಸಕ್ಕೆ ಟೆಕ್ಸಸ್ ರಾಜ್ಯದ ಪರವಾನಗಿ ಇರುವವರೇ ಬೇಕು. ಪರಿಶೀಲಿಸಿದವರೇ ತೆಗೆಯುವ ಗುತ್ತಿಗೆ ಹಿಡಿಯುವಂತಿಲ್ಲ. "ನೋಡುವುದು ಉಚಿತ, ಇವತ್ತೇ ಸಹಿ ಹಾಕಿ" ಎನ್ನುವವರನ್ನು ಬಾಗಿಲಿನಿಂದಲೇ ಕಳುಹಿಸಿ. ಕೆಲಸ ಮುಗಿದ ಮೇಲೆ ಕೊಡುವ ಪ್ರಮಾಣಪತ್ರ ಜೋಪಾನ, ಮನೆ ಮಾರುವಾಗ ಕೊಳ್ಳುವವರಿಗೆ ಕೊಡಬೇಕಾಗುತ್ತದೆ.

ವಿಮೆ: ಹಠಾತ್ತನೆ ಒಡೆದ ಕೊಳವೆಗೆ ಸಾಮಾನ್ಯವಾಗಿ ಪರಿಹಾರ ಸಿಗುತ್ತದೆ, ತಿಂಗಳುಗಟ್ಟಲೆ ಜಿನುಗಿದ್ದಕ್ಕೆ ಸಿಗುವುದಿಲ್ಲ. ಪ್ರವಾಹಕ್ಕೆ ಬೇರೆಯೇ ವಿಮೆ, ಸರ್ಕಾರಿ ಯೋಜನೆಯದಾದರೆ ಜಾರಿಗೆ ಸಾಮಾನ್ಯವಾಗಿ 30 ದಿನ. 2017ರ ಹಾರ್ವಿ ಚಂಡಮಾರುತದಂಥದ್ದು ಸುದ್ದಿಯಲ್ಲಿ ಬಂದ ಮೇಲೆ ಕೊಂಡರೆ ಉಪಯೋಗಕ್ಕೆ ಬರುವುದಿಲ್ಲ.

ಮನೆಯ ತೇವಾಂಶ ಶೇಕಡಾ 30ರಿಂದ 50ರೊಳಗಿರಲಿ. ಅನ್ನ, ಸಾರು, ಇಡ್ಲಿಯ ಹಬೆ ನಮ್ಮ ಮನೆಗಳಲ್ಲಿ ಹೆಚ್ಚು. ಒಲೆಯ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಹಾಕುತ್ತದೆಯೋ ಅಡುಗೆಮನೆಗೇ ಮರಳಿಸುತ್ತದೆಯೋ ನೋಡಿ.

ಇಲ್ಲಿನ ನಮ್ಮ ಕನ್ನಡಿಗರ ಸಂಘದಲ್ಲಿ ಎರಡು ತೇವಮಾಪಕಗಳಿವೆ, ಒಂದು ವಾರಕ್ಕೆ ಒಯ್ಯಬಹುದು. ಹಿಂದಿರುಗಿಸುವಾಗ ಬ್ಯಾಟರಿ ತೆಗೆದಿಡಿ.