ಟೈಟಲ್‌ನಲ್ಲಿ ಮುಖ ಬೇಡ, ಕೈ ತೋರಿಸಿ

ಹೊಸದಾಗಿ ವೆಬ್ ಸರಣಿ ಮಾಡುವವರು ತಮ್ಮ ಟೈಟಲ್, ಅಂದರೆ ಪ್ರತಿ ಕಂತಿನ ಶುರುವಿನಲ್ಲಿ ಹೆಸರುಗಳ ಜೊತೆ ಬರುವ ಚಿಕ್ಕ ವಿಡಿಯೊ, ತಂದು ತೋರಿಸಿ, "ಹೇಗಿದೆ ಹೇಳಿ" ಅಂತ ಕೇಳುತ್ತಾರೆ. ಮುಕ್ಕಾಲು ಪಾಲು ಒಂದೇ ಥರ ಇರುತ್ತವೆ. ನಾಯಕ ಬೆನ್ನು ಹಾಕಿ ನಿಂತಿರುತ್ತಾನೆ. ನಿಧಾನಕ್ಕೆ ತಿರುಗುತ್ತಾನೆ, ನಗುತ್ತಾನೆ, ಪಕ್ಕದಲ್ಲಿ ಹೆಸರು ಮೂಡುತ್ತದೆ. ಆಮೇಲೆ ನಾಯಕಿ ತಿರುಗುತ್ತಾಳೆ. ಆಮೇಲೆ ಅಪ್ಪ, ಅಮ್ಮ, ವಿಲನ್. ಎಲ್ಲರೂ ತಿರುಗಿ ಮುಗಿಯುವ ಹೊತ್ತಿಗೆ ನನಗೆ ಏಳೆಂಟು ಹೆಸರು ಗೊತ್ತಾಗಿರುತ್ತವೆ. ಆದರೆ ಅವರಲ್ಲಿ ಒಬ್ಬರೂ ಎಂಥ ಜನ ಅಂತ ಗೊತ್ತಾಗಿರುವುದಿಲ್ಲ. ಕಥೆ ನಗಿಸುತ್ತದೋ ಹೆದರಿಸುತ್ತದೋ ಅನ್ನುವ ಸುಳಿವೂ ಸಿಕ್ಕಿರುವುದಿಲ್ಲ.

ಇದು ಸರಿಹೋಗಬೇಕು ಅನ್ನುವ ಆಸೆಯಿಂದ, ಟೈಟಲ್ ಕಟ್ಟುವ ಕೆಲಸವನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ದೊಡ್ಡ ಬಜೆಟ್ ಬೇಡ. ಒಂದು ಕ್ಯಾಮೆರಾ, ಒಂದು ಮೇಜು, ಒಂದು ದಿನ ಸಾಕು.

ಮೊದಲು ಒಂದು ಸಾಲು ಬರೆಯಿರಿ

ಟೈಟಲ್ ಮುಗಿದಾಗ ನೋಡುವವರಿಗೆ ಏನಾಗಿರಬೇಕು? ಒಂದೇ ಸಾಲಿನಲ್ಲಿ ಬರೆಯಿರಿ. "ಕೌಟುಂಬಿಕ ಥ್ರಿಲ್ಲರ್" ಅಂತ ಬರೆದರೆ ಪ್ರಯೋಜನವಿಲ್ಲ. "ಉಸಿರು ಬಿಗಿಹಿಡಿದಿರಬೇಕು", "ಹೆಗಲು ಸಡಿಲವಾಗಿ ಸಣ್ಣ ನಗು ಬಂದಿರಬೇಕು" ಅಂತ ಮೈಗೆ ಆಗುವುದನ್ನು ಬರೆಯಿರಿ. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ, ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ನೆನಪಿಸಿಕೊಳ್ಳಿ. ಆರ್.ಕೆ. ಲಕ್ಷ್ಮಣ್ ಅವರ ಗೆರೆಚಿತ್ರಗಳು, ಎಲ್. ವೈದ್ಯನಾಥನ್ ಅವರ ಟ್ಯೂನ್. ಅದು ಕಿವಿಗೆ ಬಿದ್ದ ಕೂಡಲೇ ಮನಸ್ಸು ಹಗುರಾಗುತ್ತಿತ್ತು, ಅಲ್ವಾ? ಮುಂದಿನ ಹಂತಗಳಲ್ಲಿ ಜಗಳ ಬಂದಾಗಲೆಲ್ಲ ಈ ಸಾಲನ್ನು ತೆಗೆದು ಓದಿ.

ಎಷ್ಟು ಉದ್ದ?

30ರಿಂದ 45 ಸೆಕೆಂಡು. ನೆಟ್‌ಫ್ಲಿಕ್ಸ್ 2017ರಲ್ಲಿ ಟೈಟಲ್ ದಾಟಿಸುವ ಬಟನ್ ತಂದ ಮೇಲೆ ಅದಕ್ಕಿಂತ ಉದ್ದದ್ದನ್ನು ಹೊಸಬರು ಮಾಡದಿರುವುದೇ ಒಳ್ಳೆಯದು.

ಒಂದು ವಸ್ತು ಹುಡುಕಿ

ಇಲ್ಲಿ ಜನ ಮಾಡುವ ತಪ್ಪು ಏನೆಂದರೆ, ಕಂತುಗಳಿಂದ ಚೆನ್ನಾಗಿರುವ ಶಾಟ್‌ಗಳನ್ನು ಕತ್ತರಿಸಿ ತಂದು ಜೋಡಿಸುವುದು. ಅಳುವ ದೃಶ್ಯ, ಹೊಡೆದಾಟ, ಮಳೆಯಲ್ಲಿ ಓಡುವುದು. ಅದು ಟ್ರೇಲರ್ ಆಗುತ್ತದೆ. ಟ್ರೇಲರ್ ಒಂದು ಸಲ ನೋಡುವಂಥದ್ದು. ಟೈಟಲನ್ನು ಪ್ರತಿ ಕಂತಿನಲ್ಲೂ ನೋಡಬೇಕು. ಮೂರನೇ ಸಲಕ್ಕೇ ಆ ಅಳು ಸತ್ವ ಕಳೆದುಕೊಳ್ಳುತ್ತದೆ. ಆಮೇಲೆ ಕಥೆಯೊಳಗೆ ಅದೇ ದೃಶ್ಯ ಬಂದಾಗ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಟೈಟಲ್‌ಗೆ ಬೇರೆಯಾಗಿಯೇ ಶೂಟ್ ಮಾಡಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಕಥೆಯ ಒಳಗಿನ ಒಂದು ವಸ್ತು ಅಥವಾ ಒಂದು ಕೆಲಸ ಆರಿಸಿಕೊಳ್ಳಿ. 2006ರಲ್ಲಿ ಶುರುವಾದ 'ಡೆಕ್ಸ್‌ಟರ್' ಒಬ್ಬ ಸರಣಿ ಕೊಲೆಗಾರನ ಕಥೆ. ಅದರ ಟೈಟಲ್‌ನಲ್ಲಿ ಒಂದೂ ಕೊಲೆ ಇಲ್ಲ. ಒಬ್ಬ ಮನುಷ್ಯ ಬೆಳಗ್ಗೆ ಎದ್ದು ತಯಾರಾಗುತ್ತಾನೆ, ಅಷ್ಟೇ. ಕೈ ಮೇಲೆ ಕೂತ ಸೊಳ್ಳೆಗೆ ಹೊಡೆಯುತ್ತಾನೆ. ಗಡ್ಡ ಹೆರೆಯುವಾಗ ಗಾಯವಾಗಿ ರಕ್ತದ ಹನಿ ಬೀಳುತ್ತದೆ. ಮೊಟ್ಟೆ ಹುರಿಯುತ್ತಾನೆ, ಕೆಂಪು ತಿರುಳಿನ ಕಿತ್ತಳೆ ಹಿಂಡುತ್ತಾನೆ. ಹಲ್ಲಿನ ಸಂದು ಉಜ್ಜುವ ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತುತ್ತಾನೆ. ಶೂ ಲೇಸನ್ನು ಜಗ್ಗಿ ಕಟ್ಟುತ್ತಾನೆ. ಕ್ಯಾಮೆರಾ ಎಷ್ಟು ಹತ್ತಿರ ಇದೆಯೆಂದರೆ ದಾರ ಬೆರಳಿಗೆ ಸುತ್ತಿಕೊಳ್ಳುವಾಗ ನಮ್ಮ ಕತ್ತಿನ ಹತ್ತಿರ ಏನೋ ಬಿಗಿದಂತಾಗುತ್ತದೆ. ಎಲ್ಲರೂ ದಿನಾ ಮಾಡುವ ಕೆಲಸ ನೋಡಿಯೇ ನಾವು ಹೆದರುತ್ತೇವೆ. ಕೊಲೆ ತೋರಿಸಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಪಾತ್ರ ಪರಿಚಯ: ಎಲ್ಲರೂ ಎಡವುವುದು ಇಲ್ಲೇ

ನಿಧಾನಕ್ಕೆ ಓದಿ, ಇಡೀ ಕೆಲಸದ ಕಷ್ಟವೆಲ್ಲ ಈ ಹಂತದಲ್ಲಿದೆ.

ಮುಖ ನೋಡಿದರೆ ಯಾರು ಅಂತ ಗೊತ್ತಾಗುತ್ತದೆ, ಎಂಥವರು ಅಂತ ಗೊತ್ತಾಗುವುದಿಲ್ಲ. ಎಂಥವರು ಅಂತ ಗೊತ್ತಾಗುವುದು ಮಾಡುವ ಕೆಲಸದಿಂದ. ಜಾಹೀರಾತು ಕಂಪನಿಯವರ ಕಥೆ ಹೇಳುವ 2007ರ ಸರಣಿ 'ಮ್ಯಾಡ್ ಮೆನ್' ಟೈಟಲ್‌ನಲ್ಲಿ ನಾಯಕನ ಮುಖವೇ ಇಲ್ಲ. ಸೂಟು ತೊಟ್ಟ ಕಪ್ಪು ನೆರಳಿನಂಥ ಒಬ್ಬ ಮನುಷ್ಯ ಆಫೀಸಿಗೆ ಬಂದು ಬ್ಯಾಗ್ ಕೆಳಗಿಡುತ್ತಾನೆ. ಕೋಣೆ ಕುಸಿಯುತ್ತದೆ. ಎತ್ತರದ ಕಟ್ಟಡಗಳ ಮೇಲಿನ ಜಾಹೀರಾತುಗಳ ನಡುವೆ ಅವನು ಬೀಳುತ್ತಲೇ ಹೋಗುತ್ತಾನೆ. ಕೊನೆಗೆ ನೋಡಿದರೆ ಸೋಫಾದ ಮೇಲೆ ತೋಳು ಚಾಚಿ, ಸಿಗರೇಟು ಹಿಡಿದು, ನಮಗೆ ಬೆನ್ನು ಹಾಕಿ ಆರಾಮಾಗಿ ಕೂತಿದ್ದಾನೆ. ಒಳಗೆ ಬೀಳುತ್ತಿರುವವನು, ಹೊರಗೆ ಗಟ್ಟಿಯಾಗಿ ಕೂತವನು. ಪಾತ್ರ ಅಲ್ಲಿಗೆ ಗೊತ್ತಾಯಿತು.

ಪಾತ್ರಗಳು ಜಾಸ್ತಿ ಇದ್ದರೆ 1989ರಲ್ಲಿ ಶುರುವಾದ ಕಾರ್ಟೂನ್ ಸರಣಿ 'ದಿ ಸಿಂಪ್ಸನ್ಸ್' ನೋಡಿ ಕಲಿಯಿರಿ. ಅದು ಒಂದು ಕುಟುಂಬದ ಕಥೆ. ಮಗ ಶಾಲೆಯಲ್ಲಿ ಶಿಕ್ಷೆಯಾಗಿ ಬೋರ್ಡ್ ಮೇಲೆ ಒಂದೇ ಸಾಲು ಬರೆಯುತ್ತಿರುತ್ತಾನೆ. ಅಪ್ಪ ಕೆಲಸದ ಗಂಟೆ ಹೊಡೆದದ್ದೇ ತಡ ಎಲ್ಲ ಬಿಟ್ಟು ಓಡುತ್ತಾನೆ. ಮಗಳು ವಾದ್ಯವೃಂದದಲ್ಲಿ ತನ್ನದೇ ಸ್ಯಾಕ್ಸೊಫೋನ್ ನುಡಿಸಿಕೊಂಡು ಹೊರಗೆ ನಡೆಯುತ್ತಾಳೆ. ಅಮ್ಮ ಅಂಗಡಿಯಲ್ಲಿ, ಪಕ್ಕದಲ್ಲಿ ಕೂಸು. ಕೊನೆಗೆ ಎಲ್ಲರೂ ಮನೆಗೆ ಓಡಿಬಂದು ಒಂದೇ ಸೋಫಾದ ಮೇಲೆ ಬೀಳುತ್ತಾರೆ. ಮೊದಲು ಬೇರೆ ಬೇರೆ, ಆಮೇಲೆ ಒಟ್ಟಿಗೆ. ಯಾರೂ ಕ್ಯಾಮೆರಾ ಕಡೆ ತಿರುಗಿ ನಗುವುದಿಲ್ಲ, ಎಲ್ಲರೂ ಅವರವರ ಕೆಲಸದಲ್ಲಿರುತ್ತಾರೆ.

ಈಗ ನಮ್ಮದೇ ಒಂದು ಟೈಟಲ್ ಕಟ್ಟೋಣ. ಅಪ್ಪ ತೀರಿಕೊಂಡಿದ್ದಾರೆ. ಮನೆ ಪಾಲು ಮಾಡಿಕೊಳ್ಳಲು ಅಕ್ಕ, ಅಣ್ಣ, ತಮ್ಮ ಬಂದಿದ್ದಾರೆ. ಇದು ಕಥೆ. ನಾನು ಆರಿಸುವ ವಸ್ತು ಅಪ್ಪನ ಕೀಲಿ ಗೊಂಚಲು.

ಒಂದು ಮೇಜು, ಮೇಲೆ ಗೊಂಚಲು. ಮೊದಲು ಅಕ್ಕನ ಕೈ ಬರುತ್ತದೆ. ಒಂದೊಂದೇ ಕೀಲಿಯನ್ನು ಬೆರಳಲ್ಲಿ ಸರಿಸುತ್ತಾ ಎಣಿಸುತ್ತದೆ. ನಡುವೆ ನಿಲ್ಲುತ್ತದೆ, ಹಿಂದಕ್ಕೆ ಹೋಗಿ ಮತ್ತೆ ಎಣಿಸುತ್ತದೆ. ಇನ್ನೊಬ್ಬರ ಲೆಕ್ಕವನ್ನು ನಂಬದ ಹೆಂಗಸು. ಆಮೇಲೆ ಅಣ್ಣನ ಕೈ. ಗೊಂಚಲನ್ನು ಒಂದೇ ಸಲಕ್ಕೆ ಎತ್ತಿಕೊಂಡು ಅಂಗೈಯಲ್ಲಿ ತೂಕ ನೋಡುತ್ತದೆ. ಯಾವ ಕೀಲಿ ಯಾವ ಬಾಗಿಲಿನದು ಅಂತ ನೋಡುವುದೇ ಇಲ್ಲ. ಕೊನೆಗೆ ತಮ್ಮನ ಕೈ. ಗೊಂಚಲಿನ ಹತ್ತಿರ ಬಂದು ತಡೆಯುತ್ತದೆ. ಒಂದೇ ಬೆರಳಿನಿಂದ ಅದನ್ನು ಆಚೆಗೆ ತಳ್ಳುತ್ತದೆ. ತಳ್ಳಿದ ಮೇಲೆ ತುಕ್ಕು ಹಿಡಿದ ಒಂದು ಸಣ್ಣ ಕೀಲಿಯನ್ನು ಮುಟ್ಟಿ ಬಿಡುತ್ತದೆ.

ಹೆಸರು ಹೇಳಿಲ್ಲ, ಮುಖ ತೋರಿಸಿಲ್ಲ. ಆದರೂ ಮೂವರೂ ಗೊತ್ತಾದರು. ಆ ಸಣ್ಣ ಕೀಲಿ ಯಾವುದರದು ಅನ್ನುವ ಪ್ರಶ್ನೆಯೂ ಹುಟ್ಟಿತು.

ಇದನ್ನು ಶೂಟ್ ಮಾಡುವಾಗ ಮೇಜು, ಬೆಳಕು, ಲೆನ್ಸ್, ಕ್ಯಾಮೆರಾ ಜಾಗ ಯಾವುದೂ ಬದಲಾಗಬಾರದು. ಅಕ್ಕನಿಗೆ ಮೇಲಿನಿಂದ, ಅಣ್ಣನಿಗೆ ಪಕ್ಕದಿಂದ ಅಂತ ಕೋನ ಬದಲಿಸಿದರೆ ನೋಡುವವರು ಕೋನವನ್ನು ಗಮನಿಸುತ್ತಾರೆ. ಬೇರೆ ಆಗಬೇಕಾದದ್ದು ಕೈ ಮಾತ್ರ.

ಬೇರೆ ಯಾರದೋ ಕೈ ತಂದು ಕೂರಿಸುವ ಅಡ್ಡದಾರಿ ಹಿಡಿಯಬೇಡಿ. ಕಲಾವಿದರ ಸ್ವಂತ ಕೈಯೇ ಬೇಕು. ಆ ಉಂಗುರ, ಆ ವಾಚಿನ ಪಟ್ಟಿ ಮೊದಲ ಕಂತಿನ ಮೊದಲ 10 ನಿಮಿಷದಲ್ಲಿ ಮತ್ತೆ ಕಾಣಬೇಕು. "ಓ, ಎಣಿಸಿದ್ದು ಇವಳೇ" ಅಂತ ನೋಡುವವರಿಗೆ ತಾನಾಗಿ ಹೊಳೆಯಬೇಕು. ಆ ಕ್ಷಣಕ್ಕಾಗಿಯೇ ಇಷ್ಟೆಲ್ಲ.

ಕಲಾವಿದರಿಗೆ "ಅನುಮಾನ ತೋರಿಸಿ" ಅಂತ ಹೇಳಬೇಡಿ. ಹಾಗೆ ಹೇಳಿದ ಕೂಡಲೇ ಬೆರಳುಗಳು ನಟಿಸಲು ಶುರು ಮಾಡುತ್ತವೆ, ಸುಮ್ನೆ ನಡುಗುತ್ತವೆ. ಕೆಲಸ ಕೊಡಿ. ಅಕ್ಕನ ಪಾತ್ರದವರಿಗೆ "ಇದರಲ್ಲಿ 9 ಕೀಲಿ ಇರಬೇಕು, ಇವೆಯಾ ನೋಡಿ" ಅನ್ನಿ. ಗೊಂಚಲಿನಲ್ಲಿ 8 ಇಡಿ. ಅವರು ನಿಜವಾಗಿ ಎಣಿಸುತ್ತಾರೆ, ನಿಜವಾಗಿ ತಡೆಯುತ್ತಾರೆ, ನಿಜವಾಗಿ ಹಿಂದಕ್ಕೆ ಹೋಗುತ್ತಾರೆ. ಆ ತಡೆಯುವ ಅರ್ಧ ಸೆಕೆಂಡನ್ನು ಹೇಳಿಕೊಟ್ಟು ತರಲು ಆಗುವುದಿಲ್ಲ.

14 ಪಾತ್ರಗಳಿದ್ದರೆ? ಮೂರೇ ಆರಿಸಿ. ಉಳಿದವರ ಹೆಸರು ಬರಲಿ, ಸಾಕು. ನಿರ್ಮಾಪಕರು ಒಪ್ಪುವುದಿಲ್ಲ, ನನಗೆ ಗೊತ್ತು. ಆಗಲೇ ನೀವು ಮೊದಲು ಬರೆದ ಆ ಸಾಲು ಕೆಲಸಕ್ಕೆ ಬರುವುದು.

ಸಂಗೀತ ಮೊದಲು, ಕಟ್ ಆಮೇಲೆ

ಚಿತ್ರ ಜೋಡಿಸಿ ಮುಗಿಸಿ ಆಮೇಲೆ ಯಾವುದೋ ಟ್ಯೂನ್ ಹುಡುಕಿ ಅಂಟಿಸುವುದು ದೊಡ್ಡ ತಪ್ಪು. ಸಂಗೀತ ಮಾಡುವವರಿಂದ ಮೊದಲೇ ತಾಳದ ಟ್ರ್ಯಾಕ್ ಆದರೂ ತರಿಸಿಕೊಳ್ಳಿ.

ಲೆಕ್ಕ ಸುಲಭ. ನಿಮ್ಮ ವಿಡಿಯೊ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಆಗಿದ್ದರೆ ನಿಮಿಷಕ್ಕೆ 100 ಬೀಟ್ (ತಾಳದ ಪೆಟ್ಟು) ಇರುವ ಟ್ಯೂನ್ ಕೇಳಿ. ಆಗ ಒಂದು ಬೀಟ್‌ಗೆ ಸರಿಯಾಗಿ 15 ಫ್ರೇಮ್. ನಾಲ್ಕು ಬೀಟ್‌ನ ಒಂದು ಆವರ್ತಕ್ಕೆ 60 ಫ್ರೇಮ್, ಅಂದರೆ 2.4 ಸೆಕೆಂಡು. 16 ಆವರ್ತಕ್ಕೆ 38.4 ಸೆಕೆಂಡು. ನಿಮ್ಮದು 24 ಫ್ರೇಮ್ ಆದರೆ 96 ಬೀಟ್ ಕೇಳಿ, ಆಗಲೂ ಬೀಟ್‌ಗೆ 15 ಫ್ರೇಮೇ ಬರುತ್ತದೆ. ನಮ್ಮ ಕೀಲಿ ಟೈಟಲ್‌ನಲ್ಲಿ ಗೊಂಚಲು ಮಾತ್ರ ಇರುವ ಮೇಜಿಗೆ 2 ಆವರ್ತ, ಮೂವರಿಗೆ ತಲಾ 3, ಮೂರೂ ಕೈ ಒಟ್ಟಿಗೆ ಗೊಂಚಲಿಗೆ ಚಾಚುವುದಕ್ಕೆ 3, ಸರಣಿಯ ಹೆಸರಿಗೆ 2. ಒಟ್ಟು 16.

ಆದರೆ ಪ್ರತಿ ಬೀಟ್‌ಗೂ ಕಟ್ ಮಾಡಬೇಡಿ, ಅಂದರೆ ಶಾಟ್ ಬದಲಿಸಬೇಡಿ. ಹಾಗೆ ಮಾಡಿದರೆ ಮದುವೆ ವಿಡಿಯೊ ಥರ ಆಗುತ್ತದೆ. ಆವರ್ತದ ಮೊದಲ ಬೀಟ್‌ಗೆ ಮಾತ್ರ ಕಟ್ ಮಾಡಿ, ಅದೂ ಬೀಟ್‌ಗಿಂತ ಒಂದೆರಡು ಫ್ರೇಮ್ ಮುಂಚೆ. ಕಣ್ಣಿಗೆ ಹೊಸ ಚಿತ್ರ ಹಿಡಿಯಲು ಒಂದು ಗಳಿಗೆ ಬೇಕು, ಅಷ್ಟು ಹೊತ್ತಿಗೆ ಬೀಟ್ ಬಂದು ಬೀಳುತ್ತದೆ. ಎಲ್ಲೋ ಒಂದು ಕಡೆ ಬೇಕೆಂದೇ ತಾಳ ತಪ್ಪಿಸಿ. ನಾನಾದರೆ ತಮ್ಮನ ಬೆರಳು ತಡೆಯುವಲ್ಲಿ ಸಂಗೀತವನ್ನೇ ನಿಲ್ಲಿಸುತ್ತೇನೆ. ಕೀಲಿ ಮರದ ಮೇಲೆ ಸರಿಯುವ ಸದ್ದು ಮಾತ್ರ ಕೇಳಬೇಕು. ಆ ಸದ್ದನ್ನು ಅದೇ ಮೇಜಿನ ಮೇಲೆ, ಮೈಕ್ ಹತ್ತಿರ ಹಿಡಿದು ರೆಕಾರ್ಡ್ ಮಾಡಿ.

ಟ್ಯೂನ್‌ನ ಮೊದಲ ಎರಡು ಸೆಕೆಂಡು ಪಕ್ಕದ ಕೋಣೆಯಲ್ಲಿ ಇರುವವರಿಗೂ ಗುರುತು ಸಿಗುವಂತಿರಬೇಕು. ಬಿಟ್ಟಿ ಸಿಗುವ "ಎಪಿಕ್" ಸಂಗೀತದ ಪ್ಯಾಕ್‌ಗಳಿಂದ ಇದು ಆಗುವುದಿಲ್ಲ. ಆ ಢಂ ಢಂ ಸದ್ದು ಬೇರೆ ನೂರು ವಿಡಿಯೊಗಳಲ್ಲೂ ಇರುತ್ತದೆ. ಕಿಡಿ ಹಾರಿ ಚಿನ್ನದ ಅಕ್ಷರ ಮೂಡುವ ರೆಡಿಮೇಡ್ ಟೆಂಪ್ಲೇಟ್‌ಗಳದ್ದೂ ಇದೇ ಕಥೆ. ದುಡ್ಡು ಕೊಟ್ಟು ಕೊಂಡರೂ ಅವು ನಿಮ್ಮ ಕಥೆಯದ್ದಾಗುವುದಿಲ್ಲ. ಗೊತ್ತಿರುವ ಹುಡುಗ ಒಂದು ಕೊಳಲಿನಲ್ಲಿ ನಾಲ್ಕು ಸ್ವರ ನುಡಿಸಿಕೊಟ್ಟರೂ ಅದು ಇದಕ್ಕಿಂತ ಮೇಲು.

ಅಕ್ಷರ

ಒಂದು ಹೆಸರು ಪರದೆಯ ಮೇಲೆ ಎಷ್ಟು ಹೊತ್ತು ಇರಬೇಕೆಂದರೆ, ನಿಧಾನಕ್ಕೆ ಎರಡು ಸಲ ಓದುವಷ್ಟು. ನಮ್ಮ ಒಂದು ಆವರ್ತ ಅದಕ್ಕೆ ಸರಿಹೋಗುತ್ತದೆ. ಪರದೆಯ ನಾಲ್ಕೂ ಅಂಚಿನಿಂದ 10% ಜಾಗ ಬಿಟ್ಟು ಒಳಗೆ ಇಡಿ.

ಕನ್ನಡ ಅಕ್ಷರಕ್ಕೆ ಬೇರೆ ಕಷ್ಟಗಳಿವೆ. ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಒಡೆದು "ಲಕ್‌ಷ್‌ಮಿ" ಅಂತ ಬಿಡಿಬಿಡಿಯಾಗಿ ಬಂದರೆ ಫಾಂಟ್ ಬದಲಿಸುತ್ತಾ ಕೂರಬೇಡಿ. ಅಡೋಬಿಯ ಪ್ರೀಮಿಯರ್‌ನಲ್ಲಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು 'ಸೌತ್ ಏಷ್ಯನ್' ಎಂದು ಇರುವುದಕ್ಕೆ ಬದಲಿಸಿ, ಹೊಸದಾಗಿ ಟೈಪ್ ಮಾಡಿ. ಒಂದೊಂದೇ ಅಕ್ಷರ ಹಾರಿಬರುವ ಅನಿಮೇಷನ್ ಬೇಡವೇ ಬೇಡ. ಅದರಲ್ಲಿ ಒತ್ತು ಒಂದು ಕಡೆ, ಮೂಲಾಕ್ಷರ ಇನ್ನೊಂದು ಕಡೆ ಹೋಗಿಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೆಸರು ಇಡಿಯಾಗಿ ಮೂಡಲಿ, ಇಡಿಯಾಗಿ ಮಾಸಲಿ. ಎರಡು ಸಾಲು ಇದ್ದರೆ ನಡುವೆ ಜಾಗ ಜಾಸ್ತಿ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಕಲಾವಿದರ ಹೆಸರಿನ ಕಾಗುಣಿತವನ್ನು ಅವರಿಗೇ ತೋರಿಸಿ ಒಪ್ಪಿಗೆ ಪಡೆಯಿರಿ.

ಪ್ರತಿ ಕಂತಿಗೂ ಒಂದು ಚೂರು ಬದಲಾವಣೆ

ಇದು ಕಡ್ಡಾಯವಲ್ಲ, ಆದರೆ ನನಗೆ ತುಂಬ ಇಷ್ಟ. 'ಗೇಮ್ ಆಫ್ ಥ್ರೋನ್ಸ್' 2011ರಲ್ಲಿ ಶುರುವಾದಾಗ ಅದರ ಟೈಟಲ್ ಒಂದು ನಕ್ಷೆಯಾಗಿತ್ತು. ಹಲ್ಲುಗಾಲಿಗಳು ತಿರುಗಿ ಊರುಗಳು ನೆಲದಿಂದ ಮೇಲೇಳುತ್ತಿದ್ದವು. ಆ ಕಂತಿನ ಕಥೆ ನಡೆಯುವ ಜಾಗಗಳಿಗೆ ತಕ್ಕಂತೆ ನಕ್ಷೆಯೂ ಬದಲಾಗುತ್ತಿತ್ತು. ಹಾಗಾಗಿ ಇವತ್ತು ಯಾವ ಊರು ಅಂತ ನೋಡಲಿಕ್ಕಾದರೂ ಜನ ಅದನ್ನು ದಾಟಿಸದೆ ಕೂರುತ್ತಿದ್ದರು. ಅಷ್ಟು ದೊಡ್ಡದು ನಮ್ಮಿಂದ ಆಗದಿರಬಹುದು. ಆದರೆ ಪ್ರತಿ ಕಂತಿನಲ್ಲೂ ಗೊಂಚಲಿನಿಂದ ಒಂದು ಕೀಲಿ ಕಡಿಮೆ ಮಾಡುವುದು ಕಷ್ಟವೇ? ಎಲ್ಲ ಕಂತಿಗೂ ಗೊಂಚಲು ಮಾತ್ರ ಇರುವ ಮೇಜಿನ ಶಾಟನ್ನು ಒಂದೇ ದಿನ, ಒಂದೊಂದೇ ಕೀಲಿ ಕಳಚುತ್ತಾ ತೆಗೆದಿಟ್ಟುಕೊಳ್ಳಿ.

ಮುಗಿಸುವ ಮುಂಚೆ

ಕಥೆ ಗೊತ್ತಿಲ್ಲದ ಇಬ್ಬರನ್ನು ಕರೆಯಿರಿ. ಮೊದಲು ಸದ್ದಿಲ್ಲದೆ ತೋರಿಸಿ, ಆಮೇಲೆ ಕಣ್ಣು ಮುಚ್ಚಿಸಿ ಸದ್ದು ಮಾತ್ರ ಕೇಳಿಸಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. "ಈ ಮೂವರಲ್ಲಿ ಯಾರಿಗೆ ನಿಮ್ಮ ಮನೆ ಕೀಲಿ ಕೊಡುತ್ತೀರಿ, ಯಾಕೆ?" ಅಂತ ಕೇಳಿ. ಉತ್ತರ ಕೂಡಲೇ ಬಂದರೆ ಕಂತಿಗೆ ಜೋಡಿಸಿ. ಯೋಚಿಸುತ್ತಾ ಕೂತರೆ ಮತ್ತೆ ಮೇಜು ಹಾಕಿ, ಕೈಗಳನ್ನು ಇನ್ನೊಮ್ಮೆ ಶೂಟ್ ಮಾಡಿ.