ಅಜ್ಜಿಯ ಟೇಪು ಮತ್ತು ಮಾರಿಕಣಿವೆಯ ಕೋಡಿ

2022ರ ಸೆಪ್ಟೆಂಬರಿನಲ್ಲಿ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಎಂಬತ್ತೊಂಬತ್ತು ವರ್ಷ! ಸುದ್ದಿ ಬಂದ ದಿನ ನಾನು ಚಿತ್ರದುರ್ಗದ ಮನೆಯ ಅಟ್ಟ ಹತ್ತಿ, ಹಳೆಯ ಟೇಪುಗಳ ಟ್ರಂಕು ಇಳಿಸಿದೆ. ನನಗೆ ಬೇಕಾದ ಟೇಪು ಅದರಲ್ಲಿ ಇರಲಿಲ್ಲ. ಇರುವುದಿಲ್ಲ ಅಂತ ಗೊತ್ತಿದ್ದೂ ಹುಡುಕಿದೆ.

ಅದು 1996ರ ಟೇಪು. ದೂರದರ್ಶನಕ್ಕಾಗಿ ಮಾರಿಕಣಿವೆ ಅಣೆಕಟ್ಟಿನ ಬಗ್ಗೆ ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡುತ್ತಿದ್ದೆ. ನಮ್ಮ ಕಡೆಯವರು ವಾಣಿವಿಲಾಸ ಸಾಗರ ಅನ್ನುವುದು ಕಡಿಮೆ. ಕಣಿವೆ ಮಾರಮ್ಮನ ಜಾಗ ಅದು, ಹಾಗಾಗಿ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡದ ನಡುವೆ 1898ರಲ್ಲಿ ಕಟ್ಟೆಯ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಅದು ತುಂಬಿ ಕೋಡಿ ಹರಿದದ್ದನ್ನು ಕಣ್ಣಾರೆ ಕಂಡವರು ಬೇಕು ಅಂತ ಸುತ್ತಲಿನ ಹಳ್ಳಿಗಳಲ್ಲಿ ಮೂರು ದಿನ ಅಲೆದೆ. ಕೊನೆಗೆ ಒಬ್ಬ ಅಜ್ಜಿ ಸಿಕ್ಕರು. ಎಪ್ಪತ್ತರ ಹತ್ತಿರದವರು.

"ಅವಾಗ ನಂಗೆ ಆರು ವರ್ಷ ಇರಬೇಕು ಮಗ. ನಮ್ಮಪ್ಪ ಹೆಗಲ ಮ್ಯಾಲೆ ಕೂರಿಸ್ಕೊಂಡು ಹೋಗಿದ್ರು. ನೀರು ಕಾಣೋಕೆ ಮುಂಚೆ ಸದ್ದು ಕೇಳ್ತು. ನಾನು ಅತ್ತುಬಿಟ್ಟೆ."

ಇಪ್ಪತ್ತೆರಡು ನಿಮಿಷ ಮಾತಾಡಿದರು. ಕೋಡಿ ನೋಡಲು ಗಾಡಿ ಕಟ್ಟಿಕೊಂಡು ಬಂದ ಜನ, ಬಾಗಿನಕ್ಕೆ ತಂದ ಮೊರ, ಅವತ್ತು ಮನೆಯಲ್ಲಿ ಮಾಡಿದ ಅಡುಗೆ, ಎಲ್ಲ ಹೇಳಿದರು. ಕಾರ್ಯಕ್ರಮಕ್ಕೆ ನಾನು ತೆಗೆದುಕೊಂಡದ್ದು ನಲವತ್ತು ಸೆಕೆಂಡು. ಅದರ ಕೊನೆಗೂ ಕೊಳಲಿನ ಸಂಗೀತ ಹಾಕಿದ್ದೆ.

ಆಗ ಟೀವಿ ಶೂಟಿಂಗಿಗೆ ಬಳಸುತ್ತಿದ್ದ ಬೀಟಾಕ್ಯಾಮ್ ಟೇಪು ಅಂದರೆ ಬಂಗಾರ. ಒಂದರಲ್ಲಿ ಅರ್ಧ ಗಂಟೆ ಮಾತ್ರ ಹಿಡಿಯುತ್ತಿತ್ತು. ನನ್ನಂಥ ಹೊರಗಿನ ನಿರ್ಮಾಪಕರು ಪ್ರಸಾರ ಮುಗಿದ ಮೇಲೆ ಅದೇ ಟೇಪುಗಳ ಮೇಲೆ ಮತ್ತೆ ಶೂಟ್ ಮಾಡುತ್ತಿದ್ದೆವು. ಮುಂದಿನ ವರ್ಷ ಸಂತೇಬೆನ್ನೂರಿನ ಪುಷ್ಕರಣಿಗೆ ಹೋದಾಗ ಆ ಟೇಪನ್ನೇ ಕ್ಯಾಮೆರಾಕ್ಕೆ ಹಾಕಿದೆ. ಹೊಂಡದ ನಡುವಿನ ಮಂಟಪ ಬಂದು ಅಜ್ಜಿಯ ಮುಖದ ಮೇಲೆ ಕೂತಿತು. ಆ ಕ್ಷಣ ನನಗೆ ಏನೂ ಅನ್ನಿಸಲಿಲ್ಲ. ಈಗ ನೆನೆದರೆ ಎದೆ ಹಿಂಡುತ್ತದೆ.

ಈ ಕೆಲಸಕ್ಕೆ ಬರಬೇಕು ಅನ್ನುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಯಾವ ಕ್ಯಾಮೆರಾ, ಯಾವ ಸಾಫ್ಟ್‌ವೇರ್ ಅಂತ ಕೇಳುತ್ತಾರೆ. ನಾನು ಈ ಟೇಪಿನ ಕಥೆಯನ್ನೇ ಮೊದಲು ಹೇಳುತ್ತೇನೆ. ನಾವು ಹಳೆಯ ಕಾಲದ ಬಗ್ಗೆ ಚಿತ್ರ ಮಾಡುವವರು, ನಿಜ. ಆದರೆ ನಾವು ಇವತ್ತು ತೆಗೆದದ್ದು ನಾಳೆಗೆ ದಾಖಲೆ ಅಲ್ವಾ? ಇದು ತಲೆಗೆ ಹೋಗಲು ನನಗೆ ಬಹಳ ವರ್ಷ ಹಿಡಿಯಿತು.

ನಾನು ದುರ್ಗದಲ್ಲೇ ಇತಿಹಾಸದಲ್ಲಿ ಬಿ.ಎ. ಮಾಡಿದವನು. 1991ರಲ್ಲಿ ಬೆಂಗಳೂರಿಗೆ ಹೋಗಿ ದೂರದರ್ಶನದ ಕಾರ್ಯಕ್ರಮಗಳಿಗೆ ದಿನದ ಲೆಕ್ಕದಲ್ಲಿ ಸಹಾಯಕನಾಗಿ ಸೇರಿಕೊಂಡೆ. ಕೇಬಲ್ ಸುತ್ತುವುದು, ಅತಿಥಿಗಳಿಗೆ ಕಾಫಿ ಕೊಡುವುದು, ಲಾಗ್‌ಶೀಟ್ ಬರೆಯುವುದು. ಈ ಲಾಗ್‌ಶೀಟೇ ನನ್ನ ನಿಜವಾದ ಶಾಲೆ. ಯಾವ ಟೇಪು, ಯಾವ ಟೈಮ್‌ಕೋಡ್ (ಟೇಪಿನ ಎಷ್ಟನೇ ನಿಮಿಷ, ಸೆಕೆಂಡು), ಯಾರು ಏನು ಹೇಳಿದರು ಅಂತ ಸಾಲುಸಾಲಾಗಿ ಬರೆಯಬೇಕು. ಮೂರು ವರ್ಷ ಬರೆದೆ. ಯಾವ ಮಾತು ಪರದೆಯ ಮೇಲೆ ನಿಲ್ಲುತ್ತದೆ, ಯಾವುದು ಜಾರುತ್ತದೆ ಅನ್ನುವುದು ಬೆರಳಿಗೇ ಗೊತ್ತಾಗತೊಡಗಿತು. ಆಮೇಲೆ ಸ್ವಂತಕ್ಕೆ ಪ್ರಸ್ತಾವನೆ ಬರೆದು ಕೊಡಲು ಶುರು ಮಾಡಿದೆ. ಮೊದಲ ನಾಲ್ಕು ವಾಪಸ್ ಬಂದವು. ಐದನೆಯದು ಮಾರಿಕಣಿವೆ.

ಓದಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಅರ್ಧ ಕೆಲಸ ಅದೇ. ನಮ್ಮ ಭಾಗದವರ ಪುಣ್ಯ, ಶಾಸನಗಳನ್ನು ಸಂಗ್ರಹಿಸಿ ಅಚ್ಚು ಮಾಡಿದ ಪುಸ್ತಕಮಾಲೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ 11ನೇ ಸಂಪುಟ ಪೂರ್ತಿ ಚಿತ್ರದುರ್ಗ ಜಿಲ್ಲೆಯದೇ. ಶಾಸನತಜ್ಞ ಬಿ.ಎಲ್. ರೈಸ್ ಮಾಡಿದ ಕೆಲಸ. ಆಗ ದಾವಣಗೆರೆಯೂ ಇದೇ ಜಿಲ್ಲೆಯಲ್ಲಿತ್ತು, ಬೇರೆಯಾದದ್ದು 1997ರಲ್ಲಿ. ಒಂದು ಊರಿಗೆ ಶೂಟಿಂಗ್‌ಗೆ ಹೋಗುವ ಮುಂಚೆ ಆ ಊರಿನ ಶಾಸನ ಅದರಲ್ಲಿ ಇದೆಯಾ ನೋಡುತ್ತೇನೆ. ಆಮೇಲೆ ಕ್ಯಾಮೆರಾ ಇಲ್ಲದೆ ಒಬ್ಬನೇ ಹೋಗಿ ಒಂದು ದಿನ ಸುಮ್ನೆ ಕೂರುತ್ತೇನೆ. ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿಗೆ ಬೀಳುತ್ತದೆ, ಲೌಡ್‌ಸ್ಪೀಕರ್ ಯಾವಾಗ ಶುರುವಾಗುತ್ತದೆ, ಶಾಲೆ ಮಕ್ಕಳ ಬಸ್ಸು ಯಾವಾಗ ಬರುತ್ತದೆ ಅಂತ ಬರೆದುಕೊಳ್ಳುತ್ತೇನೆ. ಈ ಒಂದು ದಿನ ಉಳಿಸಲು ಹೋದವರು ಶೂಟಿಂಗಿನಲ್ಲಿ ಎರಡು ದಿನ ಕಳೆಯುತ್ತಾರೆ.

ಬೆಳಕಿನ ಪಾಠ ಕಲಿತದ್ದು ಬ್ರಹ್ಮಗಿರಿಯಲ್ಲಿ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ಅಶೋಕನ ಶಾಸನ ಮೂರು ಕಡೆ ಇದೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೊದಲ ಸಲ ಹೋದಾಗ ನಾವು ಬಂಡೆಯ ಎದುರಿಗೆ ದೊಡ್ಡ ಲೈಟ್ ಇಟ್ಟೆವು. ಪರದೆಯಲ್ಲಿ ಕಂಡದ್ದು ಬರೀ ಕಲ್ಲು. ಒಂದಕ್ಷರ ಇಲ್ಲ. ಕ್ಯಾಮೆರಾಮನ್ ಲೈಟ್ ಆರಿಸಿ, ಸಣ್ಣ ಟಾರ್ಚನ್ನು ಬಂಡೆಯ ಪಕ್ಕಕ್ಕೆ, ಹೆಚ್ಚುಕಡಿಮೆ ಕಲ್ಲಿಗೆ ತಾಗುವ ಹಾಗೆ ಹಿಡಿದ. ಬೆಳಕು ಓರೆಯಾಗಿ ಬಿದ್ದದ್ದೇ ತಡ, ಪ್ರತಿ ಗೀರಿನಲ್ಲೂ ನೆರಳು ತುಂಬಿ ಸಾಲುಗಳು ಎದ್ದು ಬಂದವು. ಎಲ್ಲ ಶಾಸನಕ್ಕೂ ಇದೇ ಸೂತ್ರ. ಬಯಲಲ್ಲಿ ಇದ್ದರೆ ಬೆಳಗಿನ ಅಥವಾ ಸಂಜೆಯ ಬಿಸಿಲು, ಮಾಡಿನ ಒಳಗಿದ್ದರೆ ಓರೆ ಲೈಟು. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಎಣ್ಣೆ, ಹಿಟ್ಟು ಮೆತ್ತುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿದದ್ದು ನಮ್ಮ ಒಂದು ಶಾಟ್‌ಗಾಗಿ ಸವೆಯಬಾರದು.

ಬ್ರಹ್ಮಗಿರಿಯ ಆ ಶಾಸನದ ಕೊನೆಗೆ ಅದನ್ನು ಬರೆದವನ ಹೆಸರಿದೆ, ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿ. ಆದರೆ 'ಲಿಪಿಕಾರ' ಅನ್ನುವ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಕಡೆಯ ಲಿಪಿ. ಗಾಂಧಾರದ ಕಡೆಯ ಅಕ್ಷರ ಕಲಿತ ಒಬ್ಬ ಮನುಷ್ಯ ನಮ್ಮ ಮೊಳಕಾಲ್ಮುರಿನ ಬಂಡೆಯ ಮೇಲೆ ಸಹಿ ಹಾಕಿ ಹೋಗಿದ್ದಾನೆ! ನನ್ನ ಕಾರ್ಯಕ್ರಮದ ಕೊನೆಯ ಟೈಟಲ್ ಕಾರ್ಡಿನಲ್ಲಿ ಲೈಟ್‌ಬಾಯ್, ಡ್ರೈವರ್ ಎಲ್ಲರ ಹೆಸರು ಬರಲೇಬೇಕು ಅಂತ ಹಟ ಹಿಡಿಯುವುದು ಅವತ್ತಿನಿಂದ.

ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದ್ದು, ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ್ದು ಓದುಗರಿಗೆ ಗೊತ್ತಿರಬಹುದು. ಮಡಕೆ ಚೂರನ್ನು ಟೀವಿಯಲ್ಲಿ ತೋರಿಸುವುದು ಕಷ್ಟ. ಯಾರ ಕೈಯಲ್ಲಾದರೂ ಇಟ್ಟು ತೋರಿಸಿ, ಅಷ್ಟೇ ಉಪಾಯ. ಕೈ ಇದ್ದರೆ ಅಳತೆ ಗೊತ್ತಾಗುತ್ತದೆ.

ಇನ್ನು ಕೋಟೆ. ದುರ್ಗದ ಮೇಲೆ ಚಿತ್ರ ಮಾಡುವವರೆಲ್ಲ ಯುದ್ಧದಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಬರೆದಿದ್ದೆ. ಕುದುರೆ, ಫಿರಂಗಿ, 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದದ್ದು, ಮದಕರಿ ನಾಯಕರ ಸೆರೆ. ಆದರೆ ಏಪ್ರಿಲ್ ಬಿಸಿಲಲ್ಲಿ ಟ್ರೈಪಾಡ್ ಹೊತ್ತು ಬಂಡೆ ಹತ್ತುವಾಗ ನಮ್ಮ ನೀರಿನ ಬಾಟಲಿ ಖಾಲಿಯಾಯಿತು. ಇಷ್ಟು ಬೋಳುಬಂಡೆಯ ಮೇಲೆ ಒಂದು ಊರೇ ಬದುಕಿದ್ದು ಹೇಗೆ ಅನ್ನುವ ಪ್ರಶ್ನೆ ಆಗ ಗಂಟಲಲ್ಲೇ ಹುಟ್ಟಿತು. ಸ್ಕ್ರಿಪ್ಟ್ ಬದಿಗಿಟ್ಟು ನೀರಿನ ದಾರಿ ಹಿಡಿದೆ. ಬಂಡೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಮೇಲಿನದು ತುಂಬಿ ಕೆಳಗಿನದನ್ನು ತುಂಬಿಸುವ ಲೆಕ್ಕ. ಏಪ್ರಿಲ್‌ನಲ್ಲಿ ತೆಗೆದದ್ದನ್ನೆಲ್ಲ ಬಿಟ್ಟು, ಮಳೆಗಾಲದಲ್ಲಿ ಮತ್ತೆ ಬಂದೆ. ಬಜೆಟ್ ಮೀರಿತು. ಕೈಯಿಂದ ಹಾಕಿದೆ. ಆ ಖರ್ಚಿನ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟ್ರೈಪಾಡ್ ಇಟ್ಟು ತೆಗೆಯುವುದಾದರೆ ಅನುಮತಿ ಬೇಕು. ತಾರೀಖು, ಎಷ್ಟು ಜನ, ಯಾವ ಯಾವ ಸಾಮಾನು ಎಲ್ಲ ಬರೆದು ಬಹಳ ಮುಂಚೆಯೇ ಅರ್ಜಿ ಹಾಕಿ. ಡ್ರೋನ್‌ಗೆ ಬೇರೆಯೇ ಅನುಮತಿ.

ಓಬವ್ವನ ಕಿಂಡಿಯಲ್ಲಿ ನಾನು ಜಾಸ್ತಿ ದಿನ ತಲೆ ಕೆಡಿಸಿಕೊಂಡೆ. ನಾನು ಆ ಕಥೆ ಕೇಳುತ್ತ ಬೆಳೆದವನು. ಒನಕೆ ಹಿಡಿದ ಆ ತಾಯಿ ನಮ್ಮ ಊರಿನ ಎಲ್ಲ ಮನೆಯವಳು. ಆದರೆ ಇತಿಹಾಸ ಅಂತ ಟೀವಿಯಲ್ಲಿ ಹೇಳುವಾಗ ಈ ಮಾತು ಎಲ್ಲಿಂದ ಬಂತು ಅನ್ನುವುದನ್ನೂ ಹೇಳಬೇಕು. ದೂರದರ್ಶನ ಸರ್ಕಾರದ ವಾಹಿನಿ, ಜನರ ದುಡ್ಡಿನದು. ಮನೆಯಲ್ಲಿ ಕೂತ ಮಗು ಅದನ್ನು ಪಾಠದ ಹಾಗೆ ನಂಬುತ್ತದೆ. ಅವತ್ತಿನಿಂದ ನಿರೂಪಣೆಯಲ್ಲಿ ಮೂರು ಮಾತನ್ನು ಬೇರೆಬೇರೆಯಾಗಿ ಇಟ್ಟುಕೊಂಡೆ. ಕಲ್ಲಿನಲ್ಲಿ ಇದ್ದರೆ 'ಶಾಸನದಲ್ಲಿ ಇದೆ'. ಓದಿದವರ ಅಂದಾಜು ಆದರೆ 'ವಿದ್ವಾಂಸರು ಹೀಗೆ ಊಹಿಸುತ್ತಾರೆ'. ಬಾಯಿಂದ ಬಾಯಿಗೆ ಬಂದದ್ದಾದರೆ 'ದುರ್ಗದ ಜನ ಹೇಳುತ್ತಾರೆ'. ಮೂರನೆಯದು ಕೀಳು ಅಂತಲ್ಲ. ಅದನ್ನು ನಿರೂಪಕನ ಗಟ್ಟಿ ದನಿಯಲ್ಲಿ ಹೇಳಿಸದೆ ಜನರ ಬಾಯಲ್ಲೇ ಹೇಳಿಸಿದೆ. ಕಿಂಡಿಯ ಮುಂದೆ ನಿಂತು ಹೂವು ಮಾರುವ ಒಬ್ಬ ಹೆಂಗಸು ಹೇಳಿದ ಓಬವ್ವನ ಕಥೆಗೆ ನನ್ನ ಯಾವ ಸ್ಕ್ರಿಪ್ಟೂ ಸಮ ಬರಲಿಲ್ಲ. ಯುದ್ಧದ ನಟನೆ ಮಾಡಿಸಲಿಲ್ಲ. ಕ್ಯಾಮೆರಾಮನ್‌ನನ್ನು ಬಗ್ಗಿಸಿ ಆ ಕಿಂಡಿಯೊಳಗಿಂದ ಬರಿಸಿದೆ. ಅವನ ಉಸಿರಿನ ಸದ್ದು ಹಾಗೇ ಇಟ್ಟೆ.

ಸದ್ದು ಅಂದೆನಲ್ಲ, ಅದಕ್ಕೂ ಅಜ್ಜಿಯೇ ಗುರು. ನೀರು ಕಾಣುವ ಮುಂಚೆ ಸದ್ದು ಕೇಳಿತು ಅಂದಿದ್ದರು. ಈಗ ಯಾವ ಜಾಗಕ್ಕೆ ಹೋದರೂ ಚಿತ್ರ ತೆಗೆದಾದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಎರಡು ನಿಮಿಷ ಬರೀ ಅಲ್ಲಿನ ಸದ್ದು ಹಿಡಿಯುತ್ತೇನೆ. ಎಡಿಟಿಂಗ್‌ನಲ್ಲಿ ಸದ್ದನ್ನು ಚಿತ್ರಕ್ಕಿಂತ ಮುಂಚೆ ತರುತ್ತೇನೆ. ನಿರೂಪಣೆಯನ್ನು ನಿಮಿಷಕ್ಕೆ ಎಂಬತ್ತು ಪದಕ್ಕೆ ಇಳಿಸಿದ್ದೇನೆ. ಮೊದಲು ನೂರು ದಾಟುತ್ತಿತ್ತು, ಎಲ್ಲಿಯೂ ಉಸಿರಾಡಲು ಜಾಗವಿರಲಿಲ್ಲ.

ದುಡ್ಡಿನ ಬಗ್ಗೆ ಕೇಳುತ್ತೀರಿ. ಈ ಕೆಲಸ ಒಂದನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ. ಕಂತು ಕಂತಾಗಿ ಬರುತ್ತದೆ, ತಡವಾಗಿ ಬರುತ್ತದೆ. ನಾನು ನಡುವೆ ಕೃಷಿ ಕಾರ್ಯಕ್ರಮ ಮಾಡಿದ್ದೇನೆ, ಮದುವೆ ವಿಡಿಯೊ ಎಡಿಟ್ ಮಾಡಿಕೊಟ್ಟಿದ್ದೇನೆ. ಅದರಲ್ಲಿ ಬಂದದ್ದು ಇದಕ್ಕೆ ಹೋಯಿತು.

ಈಗ ಟೇಪಿಲ್ಲ, ಫೈಲು. ಆದರೂ ಅಳಿಸುವುದು ಇನ್ನೂ ಸುಲಭವಾಗಿದೆ. ನಾನು ಮಾಡುವುದು ಇಷ್ಟು. ಎರಡು ಹಾರ್ಡ್‌ಡಿಸ್ಕ್, ಎರಡು ಬೇರೆ ಮನೆಗಳಲ್ಲಿ. ಪ್ರತಿ ಫೈಲಿಗೂ ಊರು, ತಾರೀಖು, ಮಾತಾಡಿದವರ ಹೆಸರು. ಕಾರ್ಯಕ್ರಮಕ್ಕೆ ಬೇಡವಾದ ಮಾತನ್ನೂ ಪೂರ್ತಿ ಇಡುವುದು. ಯಾಕೆಂದರೆ ಯಾವುದು ಬೇಕಾಗುತ್ತದೆ ಅಂತ ತೀರ್ಮಾನಿಸುವವರು ಇನ್ನೂ ಹುಟ್ಟಿಯೇ ಇಲ್ಲ.

2022ರ ಆ ಸೆಪ್ಟೆಂಬರಿನಲ್ಲಿ ನಾನು ಮಾರಿಕಣಿವೆಗೆ ಹೋದೆ. ಹಿಂದೆ ನೋಡಿದ್ದ ರಸ್ತೆ ಗುರುತೇ ಸಿಗದಷ್ಟು ಜನ. ಅಜ್ಜಿಯ ಊರಿನಲ್ಲಿ ಅವರ ಮೊಮ್ಮಗಳು ಸಿಕ್ಕರು. ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿತ್ತು. ನನ್ನ ಹತ್ತಿರ ಇದ್ದ ವಿಎಚ್‌ಎಸ್ ಕಾಪಿಯಿಂದ ಆ ನಲವತ್ತು ಸೆಕೆಂಡನ್ನು ಫೋನಿಗೆ ಹಾಕಿಸಿಕೊಂಡು ಹೋಗಿದ್ದೆ. ಅವರು ಮೂರು ಸಲ ನೋಡಿದರು. "ಇನ್ನೂ ಇಲ್ವಾ ಅಣ್ಣ?" ಅಂತ ಕೇಳಿದರು. ಇಲ್ಲ ಅಂದೆ. ಯಾಕಿಲ್ಲ ಅಂತಲೂ ಹೇಳಿದೆ. ಅವರು ಏನೂ ಅನ್ನಲಿಲ್ಲ, ಫೋನು ವಾಪಸ್ ಕೊಟ್ಟರು.

ಆಮೇಲೆ ಅವರೇ ತಮ್ಮ ಮಗಳನ್ನು ಕರೆದುಕೊಂಡು ನನ್ನ ಜೊತೆ ಕೋಡಿಯ ಹತ್ತಿರ ಬಂದರು. ಹುಡುಗಿಗೆ ಏಳು ವರ್ಷ. ನೀರಿನ ಸದ್ದಿಗೆ ಕಿವಿ ಮುಚ್ಚಿಕೊಂಡು, ಮತ್ತೆ ತೆಗೆದು, ಮತ್ತೆ ಮುಚ್ಚಿಕೊಂಡು ಆಡುತ್ತಿದ್ದಳು. ಅವಳನ್ನು ಮಾತಾಡಿಸಿ ಹನ್ನೊಂದು ನಿಮಿಷ ರೆಕಾರ್ಡ್ ಮಾಡಿದೆ. ಏನು ಕಂಡೆ, ಯಾರ ಜೊತೆ ಬಂದೆ, ಬೆಳಿಗ್ಗೆ ಏನು ತಿಂದೆ, ಎಲ್ಲ ಕೇಳಿದೆ. ಯಾವ ಕಾರ್ಯಕ್ರಮಕ್ಕೂ ಅಲ್ಲ. ರಾತ್ರಿ ಮನೆಗೆ ಬಂದು ಎರಡೂ ಡಿಸ್ಕಿಗೆ ಹಾಕಿ, ಅವಳ ಹೆಸರು, ಊರು, ತಾರೀಖು ಬರೆದು ಮಲಗಿದೆ.