ವೊಡು ಹಾಡನ್ನು ಕಾಗದಕ್ಕಿಳಿಸುವ ಕೆಲಸ: ನನ್ನ ಅನುಭವ

ಆಫ್ರಿಕನ್ ಬೇರುಗಳ ಹೈಟಿ ಧರ್ಮವಾದ ವೊಡುವಿನ ಅಧ್ಯಯನಕ್ಕೆ ಇಳಿಯುವವರು ಮೊದಲು ಫ್ರೆಂಚ್ ಕಲಿಯಲು ಹೊರಡುತ್ತಾರೆ. ಹಳೆಯ ಕಡತಗಳಿಗೆ ಅದು ಬೇಕೇ ಬೇಕು. ಆದರೆ ಲ್ವಾಗಳನ್ನು, ಎಂದರೆ ಸೇವೆಯಲ್ಲಿ ಜನರ ಮೇಲೆ ಬರುವ ಶಕ್ತಿಗಳನ್ನು, ಕರೆಯುವುದು ಹೈಟಿಯವರ ಆಡುಭಾಷೆಯಾದ ಕ್ರೆಯೋಲಿನಲ್ಲಿ. ಕಿವಿ ಅದಕ್ಕೆ ಪಳಗದೆ ಹೋದರೆ ಡೋಲಿನ ಸದ್ದು ಬಿಟ್ಟು ಬೇರೇನೂ ದಕ್ಕುವುದಿಲ್ಲ. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಹಾಡು ಕೇಳಿ ಬರೆಯುವುದೇ.

ಧ್ವನಿಮುದ್ರಣದಲ್ಲೇ ಅರ್ಧ ಕೆಲಸ ಕೆಡುತ್ತದೆ. ವೊಡುವಿನ ಒಂದು ಬಗೆಯಾದ ರಾಡಾ ಸೇವೆಯಲ್ಲಿ ಮೂರು ಡೋಲು: ದೊಡ್ಡದು ಮಾಁಮಾಁ, ನಡುವಿನದು ಸೆಗೊನ್, ಚಿಕ್ಕದು ಬುಲಾ. ಜೊತೆಗೆ ಕಬ್ಬಿಣದ ಗಂಟೆ, ಓಗಾನ್. ಮಾಁಮಾಁ ಬಾರಿಸುವವರು ಇದ್ದಕ್ಕಿದ್ದಂತೆ ಲಯ ಮುರಿಯುತ್ತಾರೆ. ಅದಕ್ಕೆ 'ಕಾಸೆ' ಎನ್ನುತ್ತಾರೆ. ಲ್ವಾ ಬರುವುದು ಹೆಚ್ಚಾಗಿ ಆ ಹೊತ್ತಿನಲ್ಲೇ, ಧ್ವನಿ ಒಡೆದುಹೋಗುವುದೂ ಆಗಲೇ. ಹಾಗಾಗಿ ಮಟ್ಟವನ್ನು ಮೈನಸ್ 12 ಡೆಸಿಬೆಲ್‌ಗಿಂತ ಮೇಲೆ ಬಿಡುವುದಿಲ್ಲ. 24 ಬಿಟ್‌ನಲ್ಲಿ ಮುದ್ರಿಸಿಕೊಂಡರೆ ಆಮೇಲೆ ಸದ್ದು ಏರಿಸಿಕೊಳ್ಳಬಹುದು. ಒಂದು ಮೈಕು ಹಾಡು ಎತ್ತಿಕೊಡುವ ಉಂಗೆನಿಕೊನ್ ಕಡೆಗೆ, ಇನ್ನೊಂದು ಡೋಲುಗಳಿಂದ ಆದಷ್ಟು ದೂರ. ಉಂಗಾನ್ (ಪೂಜಾರಿ) ಅಥವಾ ಮಾಂಬೊ (ಪೂಜಾರಿಣಿ) ಒಪ್ಪದೆ ಯಾವುದನ್ನೂ ಆನ್ ಮಾಡುವಂತಿಲ್ಲ. 1935ರ ಸುಗ್ರೀವಾಜ್ಞೆ ವೊಡು ಆಚರಣೆಗಳನ್ನೇ ಅಪರಾಧವಾಗಿಸಿತ್ತು. 1941–42ರಲ್ಲಿ ಕ್ಯಾಥೋಲಿಕ್ ಚರ್ಚಿನ 'ಮೂಢನಂಬಿಕೆ ವಿರೋಧಿ' ಅಭಿಯಾನ ಡೋಲುಗಳನ್ನು ಸುಟ್ಟಿತು. ಸರ್ಕಾರ ವೊಡುವನ್ನು ಧರ್ಮವೆಂದು ಮಾನ್ಯ ಮಾಡಿದ್ದು 2003ರಲ್ಲಿ. ಯಂತ್ರ ಕಂಡರೆ ಹಿರಿಯರು ಹಿಂಜರಿಯುವುದಕ್ಕೆ ಕಾರಣವಿದೆ.

ಕೇಳಿ ಬರೆಯುವಾಗ ಮುದ್ರಣದ ವೇಗವನ್ನು ಶೇಕಡ 70ಕ್ಕೆ ಇಳಿಸುತ್ತೇನೆ. ಒಂದು ನಿಮಿಷದ ಹಾಡಿಗೆ ಒಂದು ಗಂಟೆ ಹಿಡಿದೇ ಹಿಡಿಯುತ್ತದೆ. ಪುಟದಲ್ಲಿ ನಾಲ್ಕು ಕಂಬ (ಕಾಲಂ): ಕ್ರೆಯೋಲ್ ಸಾಲು, ಪದಪದದ ಅರ್ಥ, ಕನ್ನಡ, ಅನುಮಾನ. ಕೊನೆಯ ಕಂಬ ಖಾಲಿ ಉಳಿದರೆ ಎಲ್ಲೋ ಕಿವಿ ಮೋಸ ಮಾಡಿದೆ ಎಂದೇ ಲೆಕ್ಕ. ಕಾಗುಣಿತಕ್ಕೆ 1979–80ರ ಅಧಿಕೃತ ಪದ್ಧತಿ ಸಾಕು. ಅದಕ್ಕಿಂತ ಹಿಂದಿನ ಹಲವರು ಫ್ರೆಂಚ್ ಜಾಡಿನಲ್ಲಿ ತಮಗೆ ತೋಚಿದಂತೆ ಬರೆದರು. ಒಂದೇ ಸಾಲು ಮೂರು ಸಂಗ್ರಹಗಳಲ್ಲಿ ಮೂರು ಹಾಡುಗಳಂತೆ ಕಾಣುತ್ತದೆ. ಉದಾಹರಣೆಗೆ, ಲ್ವಾಗಳಿಗೆ ಬಾಗಿಲು ತೆರೆಯಲು ಮೊದಲು ಕರೆಯುವುದು ಲೆಗ್ಬಾ ಎಂಬ ಲ್ವಾನನ್ನು. ಆ ಬಾಗಿಲು ಹಲವು ಹಾಡುವವರ ಬಾಯಲ್ಲಿ 'ಬಾಯೆ'. ಫ್ರೆಂಚಿನ 'ಬಾರಿಯೇರ್' ತಲೆಯಲ್ಲಿಟ್ಟು ಬರೆದರೆ ಇಲ್ಲದ ರಕಾರ ಹುಟ್ಟಿಕೊಳ್ಳುತ್ತದೆ.

ಕನ್ನಡ ಲಿಪಿಗೆ ತರುವಾಗ ಬೇರೆಯೇ ತೊಡಕು. ನಮ್ಮ ಎ–ಏ ಭೇದ ಉದ್ದದ್ದು, ಕ್ರೆಯೋಲಿನದು ಬಾಯಿ ತೆರೆಯುವ ಪ್ರಮಾಣದ್ದು. ತೆರೆದ ಎ, ಒ ಗಳಿಗೆ ನಾನು ಅಡಿಗೆರೆ ಎಳೆಯುತ್ತೇನೆ. ಮೂಗಿನ ಸ್ವರ ಇನ್ನೂ ಕಷ್ಟ. 'ಮಾಂಮಾಂ' ಎಂದು ಸೊನ್ನೆ ಹಾಕಿದರೆ ನಮ್ಮವರು ತುಟಿ ಮುಚ್ಚಿ ಮಕಾರವಾಗಿಯೇ ಓದುತ್ತಾರೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೂ ಚಂದ್ರಬಿಂದುವಿದೆ, ಅದನ್ನೇ ಬಳಸುವುದು ಸರಿ. ಕೆಲವು ಫಾಂಟುಗಳಲ್ಲಿ ಚೌಕ ಕಾಣಿಸುತ್ತದೆ, ಅಚ್ಚಿಗೆ ಕೊಡುವ ಮೊದಲು ನೋಡಿಕೊಳ್ಳಬೇಕು.

ಲ್ವಾಗೆ 'ದೇವರು' ಎಂದು ಬರೆಯುವುದು ತಪ್ಪು. ದೇವರು ಬೊಂದ್ಯೆ, ಒಬ್ಬನೇ, ದೂರದವನು. 'ದೈವ' ಎಂದರೆ ಕರಾವಳಿಯವರಿಗೆ ಹತ್ತಿರವಾಗುತ್ತದೆ. ಆದರೆ ಕೋಲದಲ್ಲಿ ದೈವ ಕಟ್ಟುವವರು ಗೊತ್ತಾದ ಮನೆತನದವರು, ಇಲ್ಲಿ ಲ್ವಾ ಸೇರಿದವರಲ್ಲಿ ಯಾರ ಮೇಲಾದರೂ ಬಂದೀತು. ಅವರ ಮಾತಿನಲ್ಲಿ ಆ ವ್ಯಕ್ತಿ 'ಕುದುರೆ', ಲ್ವಾ ಸವಾರ. 'ಮೈಮೇಲೆ ಬಂತು' ಎಂದರೆ ಅರ್ಥ ನಿಲ್ಲುತ್ತದೆ, ಕುದುರೆ ಕಳೆದುಹೋಗುತ್ತದೆ. ನಾನು 'ಲ್ವಾ ಕುದುರೆಯೇರಿತು' ಎಂದೇ ಉಳಿಸಿಕೊಳ್ಳುತ್ತೇನೆ.

ಹಾಡಿನ ನಡುವೆ ಬರುವ ಲಾಂಗಾಜ್ ಆಫ್ರಿಕದಿಂದ ಬಂದ ಪದಗಳ ಉಳಿಕೆ. ಹಾಡುವವರಿಗೂ ಅದರ ಪದಶಃ ಅರ್ಥ ಗೊತ್ತಿರಬೇಕೆಂದಿಲ್ಲ. ನಿಘಂಟು ತೆರೆದು ಪಶ್ಚಿಮ ಆಫ್ರಿಕದ ಫೋನ್ (Fon) ಭಾಷೆಯ ಪದ ಹುಡುಕಿ ಕೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಉಚ್ಚಾರ ಒಡೆದು ಅಡ್ಡಗೀಟಿನಿಂದ ಬರೆದು, ಅರ್ಥದ ಕಂಬ ಖಾಲಿ ಬಿಡುವುದೇ ಮರ್ಯಾದೆ.

ಕೊನೆಯ ತಪಾಸಣೆ ಹಾಡಿದವರ ಮುಂದೆಯೇ. ಬರೆದದ್ದನ್ನು ಓದಿ ಹೇಳಿದರೆ ಸೌಜನ್ಯಕ್ಕೆ ಹೂಂಗುಟ್ಟುತ್ತಾರೆ. ಎಷ್ಟೇ ಅಪಸ್ವರವಾದರೂ ಹಾಡಬೇಕು. ತಪ್ಪಿದ ಅಕ್ಷರದ ಹತ್ತಿರ ತಡೆದು, ತಾವೇ ಎತ್ತಿಕೊಳ್ಳುತ್ತಾರೆ.